ಕ್ಲಚ್ಚಿನ ಮೇಲಿದ್ದ ಮರದ ತುಂಡನ್ನು ಹಿಂತಿರುಗಿಸುವ ಬಗ್ಗೆ

ಹಳೆಯ ಕಾರುಗಳ ಒಡೆಯರ ಸಂಘದ ಅಸಲಿತನ ತಪಾಸಣಾ ಸಮಿತಿಯ ಸನ್ಮಾನ್ಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಇಬ್ಬರು ಸದಸ್ಯರೂ, ತಾವು ಕಾರುಗಳ ಹೊಟ್ಟೆಯಡಿಗೆ ತೂರಿಸಿ ನೋಡುವ ಉದ್ದ ಹಿಡಿಯ ಕನ್ನಡಿಯೂ ಕ್ಷೇಮವೆಂದು ನಂಬಿ ಈ ಕಾಗದ ಬರೆಯಲು ಕೂತಿದ್ದೇನೆ. ನಾನು ಬಲಭುಜವೊಂದನ್ನು ಬಿಟ್ಟರೆ ಉಳಿದಂತೆ ಕ್ಷೇಮ. ದೂರು ಏನೇ ಇರಲಿ ಬರಹದಲ್ಲಿ ಕೊಡಬೇಕು, ಅದು ಹದಿನೈದು ದಿನ ಸಂಘದ ಸೂಚನಾ ಫಲಕದ ಮೇಲೆ ಎಲ್ಲ ಸದಸ್ಯರಿಗೂ ಕಾಣುವಂತೆ ಇರಬೇಕು ಎಂಬುದು ತಾವೇ ಬರೆದ ನಿಯಮವಾದ್ದರಿಂದ, ಫೋನಿನಲ್ಲಿ ಎರಡು ಮಾತು ಬೈದು ಮುಗಿಸಬಹುದಾಗಿದ್ದನ್ನು ಇಷ್ಟುದ್ದ ಬರೆಯಬೇಕಾಗಿ ಬಂದಿದೆ. ಫಲಕದ ಮುಂದೆ ನಿಂತು ಓದುವ ಸದಸ್ಯರು ಕಾಲು ನೋವಾದರೆ ಕುರ್ಚಿ ಎಳೆದುಕೊಳ್ಳಬೇಕಾಗಿ ಕೋರುತ್ತೇನೆ. ಅಧ್ಯಕ್ಷರು ನನ್ನ ಒಡಹುಟ್ಟಿದ ತಮ್ಮ, ನನಗಿಂತ ಏಳು ವರ್ಷ ಚಿಕ್ಕವರು, ಎರಡು ವರ್ಷ ತುಂಬುವವರೆಗೂ ನನ್ನ ಸೊಂಟ ಬಿಟ್ಟು ಕೆಳಗಿಳಿದವರಲ್ಲ ಎಂಬ ಸಂಗತಿಯನ್ನು ಈ ಪತ್ರದಲ್ಲಿ ನನ್ನ ಲಾಭಕ್ಕೆ ಬಳಸಿಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಡುತ್ತೇನೆ. ಹೋದ ತಿಂಗಳು ತಪಾಸಣೆಗೆಂದು ಬಂದ ತಾವು ನನ್ನ ಗೇಟಿನಲ್ಲಿ ನಿಂತು "ಮಾಲೀಕರೇ" ಎಂದು ಕರೆದಿರಿ. ನಾನು ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆಂದು ತಿರುಗಿ ನೋಡಿದೆ. ಅಂದಿನಿಂದ ನಾನೂ ತಮ್ಮನ್ನು ಬಹುವಚನದಲ್ಲಿಯೇ ನೆನೆಯುತ್ತಿದ್ದೇನೆ.

ನನ್ನ ಭಾಷೆಯ ಬಗ್ಗೆಯೂ ಒಂದು ಮಾತು. ನಾನು ನಲವತ್ತೆರಡು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವಳು. ಶಾಲೆ ಏಳನೆಯ ತರಗತಿಗೇ ಸಾಕೆಂದಿತು. ಆಮೇಲಿನ ಓದೆಲ್ಲ ಹೊಲಿಗೆಗೆ ಬಂದ ಪುಸ್ತಕಗಳ ಅಂಟು ಒಣಗುವ ಹೊತ್ತಿನಲ್ಲಿ ಓದಿದ್ದು. ಆದ್ದರಿಂದ ಒಂದು ಸಾಲಿನಲ್ಲಿ ಕೋರ್ಟಿನ ಕಡತದ ವಾಸನೆ ಬಂದು ಮುಂದಿನ ಸಾಲಿನಲ್ಲಿ ಅಡುಗೆ ಪುಸ್ತಕದ ವಾಸನೆ ಬಂದರೆ ಅದು ನನ್ನ ತಪ್ಪಲ್ಲ, ಗಿರಾಕಿಗಳದ್ದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕಾರು ಹೊಸ ಸದಸ್ಯರಿಗೆ ಗೊತ್ತಿರಲಿಕ್ಕಿಲ್ಲ. ಕೆನೆ ಬಣ್ಣದ, ನಾಲ್ಕು ಬಾಗಿಲಿನ, ಅರವತ್ತು ದಾಟಿದ ಈ ಗಾಡಿಯನ್ನು ನಮ್ಮ ಬೀದಿಯವರು ಬೆಣ್ಣೆಮುದ್ದೆ ಎಂದು ಕರೆಯುತ್ತಾರೆ. ನಮ್ಮಪ್ಪ ತಕ್ಕಡಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು. ಅಂಗಡಿಯಿಂದ ಅಂಗಡಿಗೆ ಸಾಮಾನು ಹೊತ್ತು ಓಡಾಡಲು ಇದನ್ನು ಕೊಂಡರು. ಅಪ್ಪನಾದ ಮೇಲೆ ಅಮ್ಮ, ಅಮ್ಮನಾದ ಮೇಲೆ ನಾನು ಇದನ್ನು ಓಡಿಸಿಕೊಂಡು ಬಂದಿದ್ದೇವೆ. ಹನ್ನೊಂದು ವರ್ಷದ ಕೆಳಗೆ ತಮ್ಮ ಸಂಘವು ಇದರ ಮೂತಿಗೆ "ಅಸಲಿ" ಎಂಬ ಹಿತ್ತಾಳೆಯ ಫಲಕ ಹೊಡೆದು ಗೌರವಿಸಿತು. ಅಲ್ಲಿಂದ ಅದಕ್ಕೆ ಸ್ವಲ್ಪ ಜಂಬ ಬಂದು ಚಳಿಗಾಲದಲ್ಲಿ ಮೂರು ಸಲ ಕರೆಯದೆ ಏಳುವುದಿಲ್ಲ.

ತಮ್ಮ ತಪಾಸಣೆಯನ್ನು ಹೊಗಳಲು ನನಗೆ ತಿಳಿದಿರುವ ಮಾತು ಸಾಲದು. ಒಂದೊಂದು ಬೋಲ್ಟಿನ ತಲೆಯ ಮೇಲಿನ ಗುರುತನ್ನೂ ಓದಿದಿರಿ. ಹೋದ ವರ್ಷ ಎರಡೂ ಕಣ್ಣಿಗೆ ಹಾಕಿಸಿಕೊಂಡ ಮಸೂರಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆಯೆಂದು ನೋಡಿ ನನಗೆ ಸಂತೋಷವಾಯಿತು. ಅವು ತಾವು ಹುಟ್ಟುವಾಗ ತಂದವಲ್ಲವೆಂದು ಯಾರೂ ಅಂಕ ಕಳೆಯದಿರಲಿ. ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಎಳೆದ ಒಂದು ವೃತ್ತ ಮತ್ತು ಅದರೊಳಗಿನ ಗೀಟನ್ನು ಕಂಡು ತಾವು ಮೂವರೂ ಉಸಿರು ಬಿಗಿಹಿಡಿದು ನಿಂತದ್ದು, "ಕಾರ್ಖಾನೆಯ ತಪಾಸಣಾಧಿಕಾರಿಯ ಸ್ವಹಸ್ತದ ಗುರುತು, ಅಳಿಯದೆ ಉಳಿದಿರುವುದು ಪರಮ ಆಶ್ಚರ್ಯ" ಎಂದು ವರದಿಯಲ್ಲಿ ಬರೆದು ಹತ್ತಕ್ಕೆ ಹತ್ತು ಕೊಟ್ಟದ್ದು, ಒಬ್ಬ ಸದಸ್ಯರು ಅದರ ಪಕ್ಕದಲ್ಲಿ ಮುಖವಿಟ್ಟು ಫೋಟೋ ತೆಗೆಸಿಕೊಂಡದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ಗುರುತು ಅಳಿಯದೆ ಉಳಿದಿರುವುದಕ್ಕೆ ಕಾರಣ, ಅದನ್ನು ನಾನು ಈ ವರ್ಷ ಬೇಸಿಗೆಯಲ್ಲಿ ಎಳೆದದ್ದು. ಅಲ್ಲೊಂದು ತೂತಿದೆ, ಅದರಿಂದ ಇಲಿ ಒಳಗೆ ಬರುತ್ತದೆ, ಮೆಕ್ಯಾನಿಕ್ಕಿಗೆ ತೋರಿಸಲೆಂದು ರಟ್ಟಿಗೆ ಗೀಟು ಎಳೆಯುವ ಸೀಮೆಸುಣ್ಣದಿಂದ ಗುರುತು ಮಾಡಿದ್ದೆ. ಈಗ ತಮ್ಮ ವರದಿಯ ಪ್ರಕಾರ ಆ ಜಾಗವನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ ತೂತು ಮುಚ್ಚುವಂತಿಲ್ಲ, ಇಲಿ ಸಂಘದ ರಕ್ಷಣೆಯಲ್ಲಿ ನಿರಾತಂಕವಾಗಿ ಬಂದುಹೋಗುತ್ತಿದೆ. ಅದಕ್ಕೂ ಒಂದು ಸದಸ್ಯತ್ವದ ಚೀಟಿ ದಯಪಾಲಿಸಿದರೆ ಲೆಕ್ಕ ಸರಿಹೋಗುತ್ತದೆ.

ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಹೊಲಿಗೆ ಬಿಚ್ಚಿ ಒಳಗಿನ ನಾರು ಕಾಣುವ ಕಡೆ ತಾವು ಒಂದು ಬೆರಳು ತೂರಿಸಿ ಕೂತಿರಿ. ಮಿಕ್ಕವರು ಡಿಕ್ಕಿಯ ಕಡೆ ಹೋಗಿದ್ದರು. ಆಮೇಲೆ ಎದ್ದು "ಮೂಲ ಸವಕಳಿ, ರಿಪೇರಿ ಸಲ್ಲದು, ಪೂರ್ಣ ಅಂಕ" ಎಂದು ಬರೆಸಿದಿರಿ. ಅದು ಸವಕಳಿಯಲ್ಲವೆಂದು ನಮ್ಮಿಬ್ಬರಿಗೇ ಗೊತ್ತು. ಅಪ್ಪ ಅಮ್ಮ ಮುಂದೆ ಕೂತು ಯಾವುದೋ ದಿನಸಿ ಅಂಗಡಿಯ ತಕ್ಕಡಿಯ ಬಗ್ಗೆ ವಾದಿಸುತ್ತಿರುವಾಗ, ಮೊಳೆಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ತೂರಿಸಿ ತೂರಿಸಿ, ಎರಡು ವರ್ಷ ತಪಸ್ಸಿನಂತೆ ಆ ತೂತು ಕೊರೆದವರು ಯಾರೆಂದು ನಾನಿಲ್ಲಿ ಬರೆಯುವುದಿಲ್ಲ. ಪೂರ್ಣ ಅಂಕ ಕೊಟ್ಟದ್ದಕ್ಕೆ ಆ ಹುಡುಗನ ಪರವಾಗಿ ವಂದನೆ.

ಅದೇ ಕೈಯಿಂದ, ಅದೇ ಬೆಳಿಗ್ಗೆ, ತಾವು ಕ್ಲಚ್ ಪೆಡಲಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದ ಮರದ ತುಂಡನ್ನು ಬಿಚ್ಚಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಅನ್ಯವಸ್ತು" ಎಂದು ಚೀಟಿ ಅಂಟಿಸಿ, ನಾಲ್ಕು ಅಂಕ ಕಳೆದು, ಜೊತೆಗೆ ತೆಗೆದುಕೊಂಡು ಹೋದಿರಿ. "ಇದು ಕಾರ್ಖಾನೆಯಿಂದ ಬಂದದ್ದಲ್ಲ, ಮಾಲೀಕರೇ" ಅಂದಿರಿ. ಎಲ್ಲಿಂದ ಬಂದದ್ದೆಂದು ಈಗ ಬರೆಯುತ್ತೇನೆ.

ತಾವು ನೆಂಟರಿಷ್ಟರ ಮುಂದೆಲ್ಲ "ನಮ್ಮಮ್ಮ ಎಷ್ಟು ಎತ್ತರದ ಹೆಂಗಸು, ಆ ಕಾಲದಲ್ಲೇ ಹೇಗೆ ಕಾರು ಓಡಿಸ್ತಿದ್ರು ಗೊತ್ತಾ" ಎಂದು ಹೇಳಿಕೊಂಡು ಬಂದಿದ್ದೀರಿ. ನಾನು ಎಂದೂ ತಿದ್ದಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಮಗೆ ಅಮ್ಮನ ಹೆರಳು ಸೀಟಿನ ಮೇಲೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಅಮ್ಮ ಅಪ್ಪನ ಭುಜಕ್ಕೂ ಬರುತ್ತಿರಲಿಲ್ಲ. ಅಪ್ಪನ ಕಣ್ಣು ಮಂಜಾಗತೊಡಗಿ, ತಕ್ಕಡಿಯ ಮುಳ್ಳು ಹತ್ತಿರದಿಂದ ಕಂಡರೂ ಎದುರು ಬರುವ ಲಾರಿ ಕಾಣದಂತಾದಾಗ, ಸ್ಟಿಯರಿಂಗ್ ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ಅಮ್ಮ ಎರಡು ದಿಂಬು ಹಾಕಿಕೊಂಡು ಕೂತರೆ ರಸ್ತೆ ಕಾಣುತ್ತಿತ್ತು, ಕ್ಲಚ್ಚು ಸಿಗುತ್ತಿರಲಿಲ್ಲ; ದಿಂಬು ತೆಗೆದರೆ ಕ್ಲಚ್ಚು ಸಿಗುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. "ಎರಡರಲ್ಲಿ ಒಂದು ಇದ್ರೆ ಸಾಕಲ್ವಾ?" ಎಂದು ಅಪ್ಪ ಕೇಳಿದ್ದಕ್ಕೆ ಅಮ್ಮ ಒಂದು ದಿಂಬನ್ನು ಅವರ ತಲೆಗೇ ಎಸೆದಿದ್ದರು. ಆ ಭಾನುವಾರ ಅಪ್ಪ ಗೋಡೆಯ ಹಲಗೆಯೊಂದನ್ನು ಬಿಚ್ಚಿ, ಅಳತೆಗೆ ಕೊಯ್ದು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ನೋಡಿ ನೋಡಿ ಉಜ್ಜಿ, ಕಾಲು ಜಾರದಿರಲೆಂದು ತಮ್ಮ ಹಳೆಯ ಚಪ್ಪಲಿಯ ಅಟ್ಟೆಯನ್ನು ಮೇಲೆ ಬಡಿದು, ಪೆಡಲಿಗೆ ಕೂರಿಸಿದರು. ಅಮ್ಮ ತುಳಿದು ನೋಡಿ, "ಇನ್ನು ಅರ್ಧ ಬೆರಳು" ಅಂದರು. ಮತ್ತೆ ಬಿಚ್ಚಿ, ಅಡಿಗೆ ಇನ್ನೊಂದು ಪಟ್ಟಿ ಸೇರಿಸಿದರು. ಚೀಲದಲ್ಲಿರುವ ತುಂಡನ್ನು ಹೊರಗೆ ತೆಗೆದು ನೋಡಿದರೆ ಆ ಅರ್ಧ ಬೆರಳಿನ ಪಟ್ಟಿ ಬೇರೆ ಬಣ್ಣದ ಮರದ್ದೆಂದು ತಮ್ಮ ಹೊಸ ಮಸೂರಗಳಿಗೂ ಕಾಣುತ್ತದೆ.

ಆ ತುಂಡು ಇಲ್ಲದಿದ್ದರೆ ತಾವು ಹಿಂದೆ ಕೂತು ಸೀಟು ಕೊರೆಯುವಷ್ಟು ದೂರ ಆ ಕಾರು ಹೋಗುತ್ತಲೇ ಇರಲಿಲ್ಲ. ಮನೆಯಲ್ಲಿ ಅನ್ನವೂ ಇರುತ್ತಿರಲಿಲ್ಲ. ಸಮಿತಿಯ ಅಂಕಪಟ್ಟಿಯಲ್ಲಿ ಮಗ ಬೆರಳು ಹಾಕಿದ್ದು ಅಸಲಿ, ಅಪ್ಪ ಕೈ ಹಾಕಿದ್ದು ಅನ್ಯವಸ್ತು ಎಂದಾಗಿರುವುದನ್ನು ನಾನು ಎಷ್ಟು ಸಲ ಓದಿದರೂ ಅರ್ಥ ಮಾಡಿಕೊಳ್ಳಲಾರೆ. ಓದು ಏಳಕ್ಕೇ ನಿಂತದ್ದರ ಫಲವಿರಬೇಕು.

ಎರಡನೆಯ ದೂರು ನನ್ನ ಭುಜದ್ದು. ರಟ್ಟು ಒತ್ತುವ ಪ್ರೆಸ್ಸಿನ ತಿರುಪು ತಿರುಗಿಸಿ ತಿರುಗಿಸಿ ಸವೆದ ಭುಜ. ಇದಕ್ಕೆ ತಾವು ಮೂಲ ಸವಕಳಿಯ ಅಂಕ ಕೊಡಬಹುದು. ನಿಂತ ಕಡೆ ಬೆಣ್ಣೆಮುದ್ದೆಯ ಸ್ಟಿಯರಿಂಗ್ ತಿರುಗಿಸುವುದೂ ಹೆಚ್ಚು ಕಡಿಮೆ ಅದೇ ಪ್ರೆಸ್ಸು. ಬ್ರೇಕಿನ ಸಂಗತಿ ಬೇರೆ. ಎರಡು ತಿಂಗಳ ಹಿಂದೆ ಗ್ರಂಥಾಲಯದ ಇಳಿಜಾರಿನಲ್ಲಿ ಮುಂದಿನ ಬಸ್ಸು ನಿಂತಿತು, ನಾನು ಬ್ರೇಕು ತುಳಿದೆ, ಬ್ರೇಕು ಯೋಚಿಸಿ ಹೇಳುತ್ತೇನೆ ಎಂಬಂತೆ ಸುಮ್ಮನಿತ್ತು. ಪಕ್ಕಕ್ಕೆ ಎಳೆದೆ, ಲಾಂಡ್ರಿ ಅಂಗಡಿಯ ಮುಂದೆ ಪೇರಿಸಿದ್ದ ಬಟ್ಟೆಯ ಮೂಟೆಗಳಲ್ಲಿ ಮೂತಿ ಹುದುಗಿಸಿಕೊಂಡು ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಲಾಂಡ್ರಿಯವರು ಹೊರಗೆ ಬಂದು, "ಅಮ್ಮಾ, ಒಗೆಯೋಕೆ ಕೊಡೋದಾದ್ರೆ ಬಟ್ಟೆ ಕೊಡಿ, ಕಾರನ್ನ ನಾವು ತಗೊಳ್ಳಲ್ಲ" ಅಂದರು. ನಾನೂ ನಕ್ಕೆ. ಆ ಮೂಟೆಗಳ ಪಕ್ಕದಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು ಎಂಬುದನ್ನು ನಾನು ಲಾಂಡ್ರಿಯವರಿಗೂ ಹೇಳಲಿಲ್ಲ, ತಮಗೂ ಹೇಳಿರಲಿಲ್ಲ.

ನಮ್ಮ ಮೆಕ್ಯಾನಿಕ್ಕು ಕಾರಿನಡಿಯಿಂದ ಈಚೆ ಬಂದು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ: "ಅಮ್ಮಾ, ಇದು ಆ ಕಾಲದ ರಸ್ತೆಗೆ ಆ ಕಾಲದ ಬ್ರೇಕು. ಈಗ ಮುಂದಿರೋರು ಗಕ್ಕಂತ ನಿಲ್ತಾರೆ, ನಿಮ್ಮ ಗಾಡಿ ಮರ್ಯಾದಸ್ಥರ ಥರ ನಿಧಾನಕ್ಕೆ ನಿಲ್ಲುತ್ತೆ. ಮುಂದಕ್ಕೆ ಡಿಸ್ಕ್ ಬ್ರೇಕು ಹಾಕೋಣ, ಸ್ಟಿಯರಿಂಗಿಗೆ ಒಂದು ಕರೆಂಟ್ ಮೋಟರು ಕೂರಿಸೋಣ, ಸೀಟಿಗೆ ಬೆಲ್ಟು ಹಾಕೋಣ. ಒಂದೇ ಒಂದು ಹೊಸ ತೂತು ಕೊರೆಯಲ್ಲ, ನಾಳೆ ಬೇಡ ಅಂದ್ರೆ ಎಲ್ಲ ಬಿಚ್ಚಿ ಹಳೇದೇ ಹಾಕ್ಕೊಡ್ತೀನಿ." ಇದನ್ನೇ ನಾನು ಅರ್ಜಿಯಾಗಿ ಬರೆದುಕೊಟ್ಟೆ. ಸಮಿತಿಯ ಉತ್ತರ ನಾಲ್ಕೇ ದಿನದಲ್ಲಿ ಬಂತು. ಮೂರರಲ್ಲಿ ಯಾವುದನ್ನು ಮಾಡಿಸಿದರೂ ಹಿತ್ತಾಳೆಯ ಫಲಕ ಹಿಂದಕ್ಕೆ ಕೊಡಬೇಕು. ವಾರ್ಷಿಕ ಓಟದಲ್ಲಿ ಮುಂದಿನ ಸಾಲು ಬಿಟ್ಟು "ಬದಲಾದ ವಾಹನಗಳ ವಿಭಾಗ"ಕ್ಕೆ, ಅಂದರೆ ಕೆಟ್ಟುನಿಂತ ಕಾರುಗಳನ್ನು ಎಳೆಯುವ ಲಾರಿಗಿಂತ ಹಿಂದಕ್ಕೆ ಹೋಗಬೇಕು. ಆ ಲಾರಿ ಹೋದ ವರ್ಷ ಐದು ಕಾರುಗಳನ್ನು ಎಳೆಯಿತು, ಐದೂ ಮುಂದಿನ ಸಾಲಿನವು ಎಂಬುದನ್ನು ಕೇವಲ ಮಾಹಿತಿಗಾಗಿ ಸೂಚಿಸುತ್ತೇನೆ.

ಅದೇ ಸಂಜೆ ತಾವು ಅಧ್ಯಕ್ಷರಾಗಿ ಅಲ್ಲದೆ ಫೋನು ಮಾಡಿದಿರಿ. "ಅಕ್ಕಾ, ಕೈಲಾಗ್ದಿದ್ರೆ ಓಡಿಸೋದು ಬಿಟ್ಬಿಡು. ನನ್ನ ಶೆಡ್ಡಲ್ಲಿ ಜಾಗ ಇದೆ. ದಿನಾ ಒರೆಸ್ತೀನಿ, ಒಂದು ಗೀರು ಬೀಳೋಕೆ ಬಿಡಲ್ಲ" ಅಂದಿರಿ. ದನಿ ಮೃದುವಾಗಿತ್ತು, ಮನಸ್ಸಿನಿಂದ ಬಂದ ಮಾತೆಂದು ನನಗೆ ಗೊತ್ತು. ಅಪ್ಪ ಬಿಟ್ಟುಹೋದ ಹಾಗೆಯೇ ಒಂದಾದರೂ ಉಳಿಯಲಿ ಎಂಬ ಆಸೆ ಆ ಮಾತಿನಡಿಯಲ್ಲಿತ್ತು, ಅದನ್ನೂ ನಾನು ಕೇಳಿಸಿಕೊಂಡೆ. ಆದರೆ ತಮ್ಮ ಶೆಡ್ಡನ್ನೂ ನಾನು ಕಂಡಿದ್ದೇನೆ. ಅಲ್ಲಿರುವ ತಮ್ಮ ಸ್ವಂತ ಕಾರು ಬಿಳಿ ಹೊದಿಕೆ ಹೊದ್ದು, ವರ್ಷಕ್ಕೆರಡು ಸಲ, ಮೀಟರಿನಲ್ಲಿ ದೂರ ಏರಬಾರದೆಂದು ಲಾರಿಯ ಮೇಲೆ ಮೆರವಣಿಗೆಗೆ ಬಂದು ಲಾರಿಯ ಮೇಲೆ ಮನೆಗೆ ಹೋಗುತ್ತದೆ. ಹೋದ ವರ್ಷ ಅದರಲ್ಲಿ ಹತ್ತು ನಿಮಿಷ ಕೂರಲು ಅನುಮತಿ ಪಡೆದ ತಮ್ಮ ಶ್ರೀಮತಿಯವರಿಗೆ "ತಲೆಗೆ ಎಣ್ಣೆ ಹಾಕಿದೀಯ, ಒರಗಬೇಡ" ಎಂದಿರಿ; ಪಾಪ, ಆಕೆ ಫೋಟೋದಲ್ಲಿ ಪರೀಕ್ಷೆ ಬರೆಯುತ್ತಿರುವವರಂತೆ ನೆಟ್ಟಗೆ ಕೂತಿದ್ದಾರೆ. ಬೆಣ್ಣೆಮುದ್ದೆಯನ್ನು ನಾನು ಅಂಥ ಕಡೆ ಕಳಿಸಲಾರೆ. ನನಗೆ ಗುರುವಾರ ಫಿಸಿಯೋಥೆರಪಿ, ಶನಿವಾರ ಗ್ರಂಥಾಲಯ, ತಿಂಗಳಿಗೊಮ್ಮೆ ಹಳೆಯ ಗೆಳತಿಯರ ಮನೆ. ಇವೆಲ್ಲಕ್ಕೂ ನಾನೇ ಓಡಿಸಿಕೊಂಡು ಹೋಗುತ್ತೇನೆ. ಹೋಗುವುದು ನಿಂತರೆ ಒರೆಸಿಕೊಂಡು ಕೂರುವ ಸರದಿ ಕಾರಿನದಷ್ಟೇ ಅಲ್ಲ, ನನ್ನದೂ ಬರುತ್ತದೆ, ಕಣೋ.

ಕಡೆಯ ಆ ಒಂದು ಪದ ಕೈತಪ್ಪಿ ಬಂತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ, ಸಮಿತಿ ಮನ್ನಿಸಬೇಕು.

ಸಮಿತಿಯ ನಿಲುವನ್ನು ಗೌರವಿಸಲು ನನ್ನದೇನೂ ಅಡ್ಡಿಯಿಲ್ಲ, ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಿಕೊಟ್ಟರೆ ಸಾಕು. ಕಾರು ಮೂಲ ಸ್ಥಿತಿಯಲ್ಲಿರಬೇಕಾದರೆ ರಸ್ತೆಯೂ ಇರಲಿ: ಗ್ರಂಥಾಲಯದ ಇಳಿಜಾರನ್ನು ಅರವತ್ತು ವರ್ಷದ ಹಿಂದಿನಂತೆ ಎರಡು ಸೈಕಲ್ಲು, ಒಂದು ಕುದುರೆಗಾಡಿ ಮತ್ತು ಅವಸರವಿಲ್ಲದ ಒಬ್ಬ ಅಂಚೆಯವರಿಗೆ ಮೀಸಲಿಡಬೇಕು. ಇದು ಕೂಡಲೇ ಆಗದಿದ್ದರೆ, ಪ್ರತಿ ತಿರುವಿನಲ್ಲಿಯೂ ಗಟ್ಟಿ ತೋಳಿನ ಒಬ್ಬ ಸದಸ್ಯರನ್ನು ನಿಲ್ಲಿಸಿ, ನಾನು ಬಂದಾಗ ಕಿಟಕಿಯಿಂದ ಕೈ ಹಾಕಿ ಸ್ಟಿಯರಿಂಗ್ ತಿರುಗಿಸಿಕೊಡಲು ಆಜ್ಞಾಪಿಸಬೇಕು. ಚಕ್ರಗಳಲ್ಲಿರುವ ಗಾಳಿ ಪೆಟ್ರೋಲ್ ಬಂಕಿನಲ್ಲಿ ಹೋದ ಮಂಗಳವಾರ ತುಂಬಿಸಿದ್ದು, ಅದನ್ನು ಹೊರಗೆ ಬಿಟ್ಟು ಆ ಕಾಲದ ಗಾಳಿಯನ್ನು ಎಲ್ಲಿಂದಾದರೂ ತರಿಸಿಕೊಡಬೇಕು. ಕಡೆಯದಾಗಿ, ನನ್ನ ಭುಜವನ್ನು ಕಾರ್ಖಾನೆಗೆ ಕಳಿಸಿ ಹೊಸದರಂತೆ ಮಾಡಿಸಿಕೊಡಬೇಕು. ಕಾರ್ಖಾನೆ ಮುಚ್ಚಿಹೋಗಿದೆ, ಅಪ್ಪನೂ ಇಲ್ಲ, ಅಮ್ಮನೂ ಇಲ್ಲ, ಆದರೆ ತಮ್ಮ ಸಮಿತಿಯ ಕೈಯಲ್ಲಿ ಆಗದ್ದು ಯಾವುದು?

ಈ ಏರ್ಪಾಡುಗಳಿಗೆ ಸಮಯ ಹಿಡಿಯಬಹುದೆಂದು ಊಹಿಸಿ, ಅಲ್ಲಿಯವರೆಗೆ ನಾನೇ ಒಂದು ದಾರಿ ಮಾಡಿಕೊಂಡಿದ್ದೇನೆ. ರಟ್ಟು ಹರಿದು ದಾರ ಲಡ್ಡಾದ ಪುಸ್ತಕ ನನ್ನ ಮೇಜಿಗೆ ಬಂದರೆ ನಾನು ಹೊಸ ದಾರ ಹಾಕಿ ಹೊಲಿಯುತ್ತಿದ್ದೆ. ಒಳಗಿನ ಒಂದಕ್ಷರವನ್ನೂ ಮುಟ್ಟುತ್ತಿರಲಿಲ್ಲ. ಹಳೆಯ ರಟ್ಟನ್ನು ಕಾಗದದಲ್ಲಿ ಸುತ್ತಿ ಪುಸ್ತಕದ ಜೊತೆಗೇ ಕೊಡುತ್ತಿದ್ದೆ. "ಮುಟ್ಟಬೇಡಿ, ಹಾಗೇ ಇರಲಿ" ಎಂದವರ ಪುಸ್ತಕಗಳೂ ಇದ್ದವು. ಅವನ್ನು ಯಾರೂ ತೆರೆಯುವಂತಿರಲಿಲ್ಲ, ತೆರೆದರೆ ಹಾಳೆ ಉದುರುತ್ತಿದ್ದವು. ಅದೇ ಪದ್ಧತಿಯಲ್ಲಿ ಬರುವ ಸೋಮವಾರ ಕಾರು ಗ್ಯಾರೇಜಿಗೆ ಹೋಗುತ್ತದೆ. ಬ್ರೇಕು, ಸ್ಟಿಯರಿಂಗು, ಬೆಲ್ಟು ಮೂರೂ ಆಗುತ್ತವೆ, ಇಲಿಯ ತೂತೂ ಮುಚ್ಚುತ್ತದೆ. ಬಿಚ್ಚಿದ ಒಂದೊಂದು ಹಳೆಯ ಭಾಗವನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ, ಎಲ್ಲಿಂದ ಬಿಚ್ಚಿದ್ದು, ಯಾವ ಬೋಲ್ಟು ಮೊದಲು ಯಾವುದು ಆಮೇಲೆ ಎಂದು ನನ್ನ ಕೈಯಾರೆ ಚೀಟಿ ಬರೆದು, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಬರೆಯುತ್ತೇನೆ. ನನ್ನ ನಂತರ ಕಾರೂ ತಮ್ಮದೇ, ಪೆಟ್ಟಿಗೆಯೂ ತಮ್ಮದೇ; ಎಲ್ಲವನ್ನೂ ಮೊದಲಿನಂತೆ ಜೋಡಿಸಿಕೊಂಡು ಹೊದಿಕೆ ಹೊದಿಸಬಹುದು. ಅಲ್ಲಿಯವರೆಗೆ ಅಸಲಿತನ ತಮ್ಮ ಪಾಲಿಗಿರಲಿ, ಓಡಾಟ ನನ್ನ ಪಾಲಿಗಿರಲಿ. ಹಿತ್ತಾಳೆಯ ಫಲಕವನ್ನು ಒರೆಸಿ ಈ ಕಾಗದದ ಜೊತೆ ಕಳಿಸಿದ್ದೇನೆ.

ಪ್ರತಿಯಾಗಿ ನಾನು ಕೇಳುವುದು ಒಂದೇ. ಆ ಮರದ ತುಂಡನ್ನು ಚೀಲದಿಂದ ತೆಗೆದು, ಚೀಟಿ ಕಿತ್ತು, ತಾವೇ ಸ್ವತಃ ತಂದು, ಎಲ್ಲಿಂದ ಬಿಚ್ಚಿಸಿದಿರೋ ಅಲ್ಲಿಗೇ ತಮ್ಮ ಕೈಯಿಂದಲೇ ಕೂರಿಸಬೇಕು. ನನ್ನ ಕಾಲು ಅಪ್ಪನಂತೆ ಉದ್ದ, ಅದಿದ್ದರೆ ನನ್ನ ಮೊಣಕಾಲು ಸ್ಟಿಯರಿಂಗಿಗೆ ಬಡಿಯುತ್ತದೆ. ಆದರೂ ಅದು ಬೇಕು. ಬೋಲ್ಟು ಬಿಗಿಯುವಾಗ ತಾವು ಮೊದಲ ಸಲ ಮುಂದಿನ ಸೀಟಿನ ಕಡೆ ಬಂದು ಸ್ಟಿಯರಿಂಗಿನಡಿ ತಲೆ ಹಾಕಬೇಕಾಗುತ್ತದೆ. ಅಲ್ಲಿಂದ ನೋಡಿದರೆ ಅಮ್ಮ ಎಷ್ಟು ಎತ್ತರವಿದ್ದರೆಂದು ತಮಗೆ ಸರಿಯಾಗಿ ತಿಳಿಯುತ್ತದೆ. ಚಹಕ್ಕೆ ನೀರಿಟ್ಟಿರುತ್ತೇನೆ.

ಸಮಿತಿಯ ಏಳಿಗೆಯನ್ನು ಕೋರುತ್ತಾ,

ತಮ್ಮ ವಿಶ್ವಾಸಿ,
ಬದಲಾದ ವಾಹನಗಳ ವಿಭಾಗದ ಹೊಸ ಸದಸ್ಯೆ, ಮತ್ತು ಸಮಿತಿ ಬೇಡವೆಂದರೂ ಬದಲಾಗದ ಅಕ್ಕ

ಮರೆತ ಮಾತು: ವಾರ್ಷಿಕ ಓಟದ ಅರ್ಜಿಯನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ. "ಚಾಲಕರು" ಎಂಬ ಕಡೆ ನನ್ನ ಹೆಸರಿಲ್ಲದ್ದನ್ನು ಕಂಡು ತಪ್ಪೆಂದು ತಿದ್ದಬೇಡಿ. ಓಟದಷ್ಟು ದೂರ ಈ ವರ್ಷ ಬೇಡವೆಂದು ಭುಜದ ಡಾಕ್ಟರು ಹೇಳಿದ್ದಾರೆ. ಅಲ್ಲಿರುವ ಹೆಸರು ತಮ್ಮ ಶ್ರೀಮತಿಯವರದು. ತಾವು ಬುಧವಾರ ಬೆಳಿಗ್ಗೆ ಸಮಿತಿಯ ಸಭೆಯಲ್ಲಿರುವಾಗಲೆಲ್ಲ ಆಕೆ ಆಟದ ಮೈದಾನದ ಹಿಂದಿನ ಖಾಲಿ ಜಾಗದಲ್ಲಿ ಬೆಣ್ಣೆಮುದ್ದೆಯಲ್ಲಿಯೇ ನನ್ನಿಂದ ಕಲಿತು, ಪರೀಕ್ಷೆ ಪಾಸಾಗಿ, ಲೈಸೆನ್ಸು ಪಡೆದು ಎರಡು ತಿಂಗಳಾಯಿತು. ಹೋದ ತಿಂಗಳ ತಪಾಸಣೆಯಿಂದೀಚೆಗೆ ಮಾತ್ರ ಪಾಪ, ಕಾಲು ಕ್ಲಚ್ಚಿಗೆ ಎಟುಕದೆ ಮನೆಯಲ್ಲಿ ಕೂತಿದ್ದಾರೆ. "ನೀವೇ ಹೇಳಿ ಅತ್ತಿಗೆ, ನಾನು ಹೇಳಿದ್ರೆ ಅವರಿಗೆ ಬಿಪಿ ಏರುತ್ತೆ" ಎಂದದ್ದರಿಂದ ಎಲ್ಲರ ಎದುರಿಗೇ ಹೇಳಿದ್ದೇನೆ. ಆಕೆಯ ಪಕ್ಕದ ಸೀಟು ಖಾಲಿ ಇದೆ. ಮುಂದಿನ ಸಾಲಿನಲ್ಲಿ ತಮಗೆ ಬೇರೆ ಕೆಲಸವಿಲ್ಲದಿದ್ದರೆ ಬಂದು ಕೂರಬಹುದು. ಬೆಲ್ಟು ಹಾಕಿಕೊಳ್ಳಿ, ಆಕೆ ಬ್ರೇಕನ್ನು ಸ್ವಲ್ಪ ಜೋರಾಗಿಯೇ ತುಳಿಯುತ್ತಾರೆ, ಮತ್ತು ಇನ್ನು ಮೇಲೆ ಅದು ಹಿಡಿಯುತ್ತದೆ.